ವಾಸ: ರೆಂಥಮ್

ಬಡಗಿಯ ಕೈಯಲ್ಲಿ ಉಜ್ಜುಗೊರಡನ್ನು ನೋಡದವರು ಯಾರಿದ್ದಾರೆ? ನಮ್ಮಲ್ಲೇ ಕೆಲವರು ಅದನ್ನು ಕೀಸುಳಿ ಎನ್ನುತ್ತಾರೆ, ಕೆಲವರು ಹತ್ತರಿ. ನಾನು ಬ್ಯಾಂಕಿನ ನೌಕರಿಗೆಂದು ಬಂದು ನೆಲೆಸಿದ ಮುಂಬೈಯಲ್ಲಿ ಅದು ರಂಧಾ. ಹೆಸರು ಏನೇ ಇರಲಿ, ಹಲಗೆಯನ್ನು ನುಣುಪು ಮಾಡುವುದಷ್ಟೇ ಅದರ ಕೆಲಸ ಅಂತ ನಾವು ತಿಳಿದಿರುತ್ತೇವೆ. ಆದರೆ ಇದೇ ಕುಲದಲ್ಲಿ ಇನ್ನೊಂದು ಪಂಗಡವಿದೆ. ನುಣುಪಿನ ಉಸಾಬರಿ ಅದಕ್ಕಿಲ್ಲ. ಒಂದು ಮರ ಇನ್ನೊಂದು ಮರವನ್ನು ಸೇರುವ ಜಾಗವನ್ನು ಅಣಿಗೊಳಿಸುವುದೇ ಅದರ ಕಸುಬು.

ಹಳೆಯ ಕಾಲದ ಚೌಕಟ್ಟಿನ ಬಾಗಿಲನ್ನೇ ತೆಗೆದುಕೊಳ್ಳಿ. ಸುತ್ತ ನಾಲ್ಕು ಪಟ್ಟಿ, ನಡುವೆ ಅಗಲವಾದ ಹಲಗೆ. ಮರ ಉದ್ದಕ್ಕೆ ಹೆಚ್ಚೇನೂ ಹಿಗ್ಗುವುದಿಲ್ಲ; ತೇವ ಕುಡಿದರೆ ಅಗಲಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಆದ್ದರಿಂದ ನಡುವಿನ ಹಲಗೆಗೆ ಅಂಟು ಹಾಕಬಾರದು, ಮೊಳೆ ಹೊಡೆಯಬಾರದು. ಪಟ್ಟಿಗಳ ಒಳಗಂಚಿನಲ್ಲಿ ಸಣ್ಣ ಕಾಲುವೆ ತೋಡಿ, ಅದರೊಳಗೆ ಹಲಗೆಯನ್ನು ಸಡಿಲವಾಗಿ ಕೂರಿಸಬೇಕು. ಆಗ ಮಳೆಗಾಲದಲ್ಲೂ ಬಾಗಿಲು ಬಿಗಿಯುವುದಿಲ್ಲ, ಬೇಸಿಗೆಯಲ್ಲೂ ಸೀಳುವುದಿಲ್ಲ. ಈ ಕಾಲುವೆ ತೋಡುವ ಉಪಕರಣಕ್ಕೆ ಇಂಗ್ಲಿಷಿನವರು ಇಟ್ಟ ಹೆಸರು ಪ್ಲೌ ಪ್ಲೇನ್, ಅಂದರೆ ನೇಗಿಲು! ಅಂಚಿನಿಂದ ಒಂದೇ ಅಂತರದಲ್ಲಿ ಗೀಟು ಬೀಳಲೆಂದು ಅದಕ್ಕೊಂದು ಒರಗುಪಟ್ಟಿ ಇರುತ್ತದೆ.

ಅದರ ಅಣ್ಣತಮ್ಮಂದಿರು ಹಲವರು. ಅಂಚಿನಲ್ಲಿ ಮೆಟ್ಟಿಲು ಕೊರೆಯುವುದು ರ್‍ಯಾಬೆಟ್ ಪ್ಲೇನ್. ಪುಸ್ತಕದ ಕಪಾಟಿನ ಅಡ್ಡಹಲಗೆ ಕೂರಲು ಎಳೆಗೆ ಅಡ್ಡಲಾಗಿ ಕಾಲುವೆ ತೆಗೆಯುವುದು ಡಾಡೊ ಪ್ಲೇನ್. ನಾರು ಕಿತ್ತು ಬಾರದಿರಲೆಂದು ಅದರ ಮುಂದೆ ಚಾಕುವಿನಂಥ ಮೊನೆಗಳಿರುತ್ತವೆ. ಕಾಲುವೆಯ ತಳವನ್ನು ಒಂದೇ ಆಳಕ್ಕೆ ತರುವುದು ರೌಟರ್ ಪ್ಲೇನ್. ಒಂಟಿಯಾಗಿ ಕೆಳಗೆ ಚಾಚಿದ ಅದರ ಅಲಗನ್ನು ನೋಡಿ ಇಂಗ್ಲಿಷ್ ಬಡಗಿಗಳು ಅದನ್ನು ‘ಮುದುಕಿಯ ಹಲ್ಲು’ ಅಂತ ಕರೆದರು. ಇವುಗಳಲ್ಲಿ ಹೆಚ್ಚಿನವು ಮಾಡಿದ ಕೆಲಸ ಸಂದಿನೊಳಗೆ ಮುಚ್ಚಿಹೋಗುತ್ತದೆ. ಹೊರಗೆ ನಿಂತು ನೋಡುವವನಿಗೆ ಏನೂ ಕಾಣುವುದಿಲ್ಲ.

ಮೊದಮೊದಲು ಬಡಗಿಗಳು ಇಂಥವನ್ನು ತಾವೇ ಮಾಡಿಕೊಳ್ಳುತ್ತಿದ್ದರು. 1700ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಇವನ್ನು ಮಾಡಿ ಮಾರುವುದೇ ಒಂದು ವೃತ್ತಿಯಾಯಿತು. ಮಾಡಿದವನು ಕಟ್ಟಿಗೆಯ ಮುಂತುದಿಯಲ್ಲಿ ತನ್ನ ಹೆಸರನ್ನು ಒತ್ತುತ್ತಿದ್ದ. ಸಮುದ್ರದಾಚೆ ಆಗ ಇಂಗ್ಲಿಷರ ವಸಾಹತಾಗಿದ್ದ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ರೆಂಥಮ್ ಎಂಬ ಊರಲ್ಲಿ, ಈ ಕಸುಬು ಹಿಡಿದವನು ಫ್ರಾನ್ಸಿಸ್ ನಿಕಲ್ಸನ್. ಅಮೆರಿಕದಲ್ಲಿ ದಾಖಲೆ ಸಿಗುವ ಅತಿ ಹಳೆಯ ತಯಾರಕರಲ್ಲಿ ಅವನೊಬ್ಬ. ಅವನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು ಸೀಸರ್ ಚೆಲರ್. ಕರಿಯ, ಗುಲಾಮ. ಕಾನೂನಿನ ಕಣ್ಣಿಗೆ ಅವನೂ ಆಸ್ತಿಯ ಪಟ್ಟಿಯಲ್ಲಿ ಸೇರುವ ಒಂದು ಬಾಬು.

1753ರಲ್ಲಿ ನಿಕಲ್ಸನ್ ತೀರಿಕೊಂಡ. ನೌಕರಿಯುದ್ದಕ್ಕೂ ಉಯಿಲುಗಳನ್ನು ಓದಿದವನು ನಾನು; ಯಾರಿಗೆ ಏನು ಎಂಬ ಪಟ್ಟಿಯಲ್ಲೇ ಮನುಷ್ಯನ ಮನಸ್ಸು ಕಾಣುತ್ತದೆ. ಆ ಉಯಿಲು ಸೀಸರನನ್ನು ಬಿಡುಗಡೆ ಮಾಡಿತು. ಜೊತೆಗೆ ಹಾಸಿಗೆ, ಬಟ್ಟೆಬರೆ, ಕೆಲಸದ ಬೆಂಚು, ಹತಾರಗಳು, ಹತ್ತು ಎಕರೆ ಜಮೀನು, ಕಸುಬು ನಡೆಸಲು ಬೇಕಾದ ಮರ. ಬರೀ ಬಿಡುಗಡೆ ಕೊಟ್ಟು ಕೈಯಲ್ಲಿ ಹತಾರ ಇಲ್ಲದಿದ್ದರೆ ಬದುಕುವುದು ಹೇಗೆ? ಹೊಸ ವ್ಯಾಪಾರಕ್ಕೆ ಬಂಡವಾಳ ಬೇಕು ಅನ್ನುವುದು ವಾಣಿಜ್ಯ ಓದಿದವರಿಗೆಲ್ಲ ಗೊತ್ತು. ಹಾಗಂತ ಧಣಿಯನ್ನು ಹೊಗಳಿ ಮುಗಿಸುವ ಹಾಗೂ ಇಲ್ಲ. ಕೊಟ್ಟದ್ದೆಲ್ಲ ಸೀಸರ್ ವರ್ಷಗಟ್ಟಲೆ ದುಡಿದು ಅದಾಗಲೇ ಗಳಿಸಿದ್ದೇ ತಾನೆ!

ಸೀಸರ್ ಬೇರೆ ಊರಿಗೆ ಹೋಗಲಿಲ್ಲ. ಅಲ್ಲೇ ಸ್ವಂತ ಕಸುಬು ನಡೆಸಿದ. 1758ರಲ್ಲಿ ಮದುವೆಯಾದ, ಎಂಟು ಮಕ್ಕಳಾದವು. ತಾನು ಮಾಡಿದ ಉಪಕರಣಗಳ ಮುಂತುದಿಯಲ್ಲಿ ಒತ್ತಿದ್ದು ಇಷ್ಟು: ‘ಸಿಇ. ಚೆಲರ್, ವಾಸ ರೆಂಥಮ್.’ ಧಣಿಯ ಮುದ್ರೆಯ ಒಕ್ಕಣೆಯೂ ಇದೇ ಆಗಿತ್ತು. ಒಬ್ಬ ಯಜಮಾನ, ಒಬ್ಬ ಅವನ ಆಸ್ತಿ. ಕಟ್ಟಿಗೆಯ ಮೇಲೆ ಮಾತ್ರ ಇಬ್ಬರೂ ಒಂದೇ ಸಾಲಿನವರು. 1784ರಲ್ಲಿ ಸೀಸರ್ ತೀರಿಕೊಂಡ. ಮ್ಯಾಸಚೂಸೆಟ್ಸ್‌ನ ನ್ಯಾಯಾಲಯ ಗುಲಾಮಗಿರಿಯ ಬೇರು ಕತ್ತರಿಸಿದ್ದು ಅದರ ಹಿಂದಿನ ವರ್ಷವಷ್ಟೇ.

ಮುಂದಿನ ಶತಮಾನದಲ್ಲಿ ಕಬ್ಬಿಣ ಬಂತು. 1880ರ ದಶಕದಲ್ಲಿ ಸ್ಟ್ಯಾನ್ಲಿ ಕಂಪೆನಿ ನಂಬರ್ 45 ಎಂಬ ಉಪಕರಣ ತಂದಿತು. ಅಲಗು ಬದಲಿಸಿಕೊಂಡರೆ ಕಾಲುವೆ, ಮೆಟ್ಟಿಲು, ಡಾಡೊ ಎಲ್ಲ ಒಂದರಲ್ಲೇ. ಆಮೇಲೆ ವಿದ್ಯುತ್ ಯಂತ್ರ ಬಂದು ಅದನ್ನೂ ಮೂಲೆಗೆ ಸರಿಸಿತು. ಚೆಲರ್ ಹೆಸರಿನ ಕಟ್ಟಿಗೆಯ ತುಂಡುಗಳನ್ನು ಇಂದು ಸಂಗ್ರಾಹಕರು ದೊಡ್ಡ ಬೆಲೆ ಕೊಟ್ಟು ಕೊಳ್ಳುತ್ತಾರೆ.

ಇಷ್ಟೆಲ್ಲ ಹೇಳಿದ್ದು ಆ ಮುದ್ರೆಯ ಎರಡನೇ ಪದಕ್ಕಾಗಿ. ಅದು ‘ಮೂಲ’ ಅಲ್ಲ, ‘ವಾಸ’. ಹೊರನಾಡಿನಲ್ಲಿ ನಮ್ಮನ್ನು ಎಲ್ಲರೂ ಮೊದಲು ಕೇಳುವುದು ‘ನೀವು ಎಲ್ಲಿಯವರು?’ ಅಂತ. ಊರಿಗೆ ಬಂದರೆ ನಿಮ್ಮ ಕಡೆಯವರೂ ‘ಬಾಂಬೆಯವರು ಬಂದರು’ ಅಂತೀರಿ! ನಮ್ಮದು ಸೀಸರನ ಕಷ್ಟಕ್ಕೆ ಹೋಲಿಕೆಯೇ ಅಲ್ಲ. ನಾವು ಟಿಕೆಟ್ ತೆಗೆಸಿ, ಆರ್ಡರ್ ಕೈಯಲ್ಲಿ ಹಿಡಿದು ಬಂದವರು. ಆದರೂ ನಾಲ್ಕು ದಶಕ ದುಡಿದ ಊರಿನ ಹೆಸರನ್ನು ನನ್ನ ಹೆಸರಿನ ಪಕ್ಕ ಬರೆಯಲು ಸಂಕೋಚಪಡಬೇಕಾಗಿಲ್ಲ ಅಂತ ನನಗೆ ತಿಳಿಸಿಕೊಟ್ಟವನು ಅವನು. ಚೌಕಟ್ಟಿನ ಹಲಗೆಯ ಹಾಗೆ, ಅಂಟಿಲ್ಲದೆಯೂ ಒಂದು ಕಡೆ ಗಟ್ಟಿಯಾಗಿ ಕೂರಬಹುದು. ಒಂದಿಷ್ಟು ಹಿಗ್ಗಲು ಕುಗ್ಗಲು ಜಾಗ ಬಿಟ್ಟಿದ್ದರೆ ಸರಿ.