ಸಾಲಿನಿಂದ ಕಂತಿಗೆ: ಗುಂಡ್ಲುಪೇಟೆ ಸೀಮೆಯಿಂದ ನೋಡಿದ ವಿಜ್ಞಾನ ಧಾರಾವಾಹಿಗಳ ಅಭಿಮಾನ

ಚಾಮರಾಜನಗರದ ಗಡಿಗೆ ತಾಗಿಕೊಂಡಂತಿರುವ ಗಾಜನೂರಿನ ಮಗ ಡಾ. ರಾಜ್‌ಕುಮಾರ್ ತಮ್ಮ ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದರು. ಕನ್ನಡದಲ್ಲಿ ಅಭಿಮಾನಿ ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ಇಂದಿಗೂ ಸಿನಿಮಾ ಅಭಿಮಾನಿಯೇ. ಕಟೌಟಿಗೆ ಹೂವಿನ ಹಾರ, ಮೊದಲ ದಿನದ ಮೊದಲ ಆಟ, ಅಭಿಮಾನಿಗಳ ಸಂಘ, ಹುಟ್ಟುಹಬ್ಬದ ದಿನ ರಕ್ತದಾನ. ಈ ಅಭಿಮಾನದ ನಡುಮಧ್ಯದಲ್ಲಿ ಒಬ್ಬ ವ್ಯಕ್ತಿ ಇರುತ್ತಾನೆ. ಕಥೆ ಬದಲಾಗಲಿ, ಪಾತ್ರ ಬದಲಾಗಲಿ, ಆ ವ್ಯಕ್ತಿಯ ಮೇಲಿನ ಪ್ರೀತಿ ಕದಲುವುದಿಲ್ಲ.

ವಿಜ್ಞಾನ ಧಾರಾವಾಹಿಗಳನ್ನು ಹಚ್ಚಿಕೊಂಡವರ ಜಾಯಮಾನ ಬೇರೆ. ಅವರು ಹಚ್ಚಿಕೊಳ್ಳುವುದು ನಟನನ್ನಲ್ಲ, ಒಂದು ಲೋಕವನ್ನು. ಆ ಲೋಕದ ನೌಕೆ ಹೇಗೆ ಓಡುತ್ತದೆ, ಅಲ್ಲಿಯ ಕಟ್ಟಳೆಗಳೇನು, ಹಿಂದಿನ ಕಂತಿನಲ್ಲಿ ಆಡಿದ ಮಾತಿಗೂ ಇಂದಿನ ಕಂತಿಗೂ ತಾಳೆಯಾಗುತ್ತದೆಯೇ ಎಂಬುದು ಅವರ ಲೆಕ್ಕಾಚಾರ. ಬ್ರಿಟನ್ನಿನ ಬಿಬಿಸಿಯಲ್ಲಿ 1963ರ ನವೆಂಬರ್ 23ರಂದು ಶುರುವಾದ ‘ಡಾಕ್ಟರ್ ಹೂ’ ಇದಕ್ಕೆ ಒಳ್ಳೆಯ ಸಾಕ್ಷಿ. ಅದರ ಮೊದಲ ಕಥೆಯನ್ನು ನಿರ್ದೇಶಿಸಿದವರು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. 1966ರಲ್ಲಿ ನಾಯಕ ನಟ ವಿಲಿಯಂ ಹಾರ್ಟ್‌ನೆಲ್ ಬಿಟ್ಟುಹೋದಾಗ ಪಾತ್ರವೇ ಹೊಸ ದೇಹ ಪಡೆಯಿತೆಂದು ಕಥೆ ಕಟ್ಟಿ, ಪ್ಯಾಟ್ರಿಕ್ ಟ್ರಾಟನ್ ಅವರನ್ನು ಕರೆತಂದರು. ನೋಡುಗರು ಒಪ್ಪಿಕೊಂಡರು. ಲೋಕ ಉಳಿಯಿತು, ಅಭಿಮಾನವೂ ಉಳಿಯಿತು.

ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು ಮತ್ತು ಅದರ ಸುತ್ತಣ ಸೀಮೆಯನ್ನು ನಿಂತ ನೆಲವಾಗಿಟ್ಟುಕೊಂಡು ಈ ಅಭಿಮಾನದ ಬೇರು ಯಾವುದೆಂದು ಕೇಳುವುದು ಪ್ರಸ್ತುತ ಲೇಖನದ ಉದ್ದೇಶ. ಜನಪದ ಮಹಾಕಾವ್ಯಗಳ ರಚನೆ, ದೂರದರ್ಶನ ಹಬ್ಬಿದ ಚರಿತ್ರೆ, ಕನ್ನಡದ ಡಬ್ಬಿಂಗ್ ವಿವಾದ ಎಂಬ ಮೂರು ಆಧಾರಗಳನ್ನು ಇಲ್ಲಿ ಒಟ್ಟಿಗೆ ಇಟ್ಟು ನೋಡಲಾಗಿದೆ. ಲೇಖನದ ವಾದ ಇಷ್ಟು: ಈ ಸೀಮೆಯಲ್ಲಿ ವಿಜ್ಞಾನ ಧಾರಾವಾಹಿಯ ಅಭಿಮಾನಿಗೆ ಹತ್ತಿರದ ನಂಟ ಸಿನಿಮಾ ಅಭಿಮಾನಿಯಲ್ಲ, ರಾತ್ರಿಯಿಡೀ ಕುಳಿತು ಮಂಟೇಸ್ವಾಮಿ, ಮಾದೇಶ್ವರರ ಕಥೆ ಕೇಳುವ ಒಕ್ಕಲಿನವನು. ಆ ಕೇಳುಗನಿಗಿದ್ದ ಒಂದು ಭಾಗ್ಯ ಮಾತ್ರ ಈ ನೋಡುಗನಿಗೆ ಸಿಗಲಿಲ್ಲ. ಕಥೆ ಅವನ ನುಡಿಯಲ್ಲಿ ಇರಲಿಲ್ಲ.

ಸಾಲು ಕೇಳುವ ಕಿವಿ

ಭೀಮನಬೀಡು ಹೆಸರಿನಲ್ಲೇ ಕಥೆ ಹೊತ್ತ ಊರು. ಬೀಡು ಎಂದರೆ ತಂಗುವ ನೆಲೆ, ಪಾಳೆಯ. ಭೀಮ ಎಂದೊಡನೆ ಕೇಳಿದವರ ಮನಸ್ಸು ಮಹಾಭಾರತದತ್ತ ಹೊರಳುತ್ತದೆ. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ ‘ಜನಪದ ಮಹಾಭಾರತ’ ಹಳೆಯ ಮೈಸೂರು ಸೀಮೆಯ ಬಾಯಲ್ಲಿ ಆ ಕಥೆ ಎಷ್ಟು ಬೇರೆಯಾಗಿ ಬೆಳೆದಿದೆ ಎಂಬುದನ್ನು ತೋರಿಸಿದೆ. ಆದರೆ ಚಾಮರಾಜನಗರದ ನಿಜವಾದ ಧಾರಾವಾಹಿಗಳು ಮಂಟೇಸ್ವಾಮಿ ಮತ್ತು ಮಲೆ ಮಾದೇಶ್ವರ ಕಾವ್ಯಗಳು. ಮೊದಲನೆಯದನ್ನು ನೀಲಗಾರರು ತಂಬೂರಿ, ಗಗ್ಗರ, ಡಗ್ಗೆಗಳೊಡನೆ ಹಾಡುತ್ತಾರೆ. ಎರಡನೆಯದನ್ನು ದೇವರಗುಡ್ಡರು ಕಂಸಾಳೆ ಹಿಡಿದು ಹಾಡುತ್ತಾರೆ. ಜೀ.ಶಂ. ಪರಮಶಿವಯ್ಯನವರ ಪೀಳಿಗೆ ಈ ಕಾವ್ಯಗಳಿಗೆ ವಿದ್ವತ್ತಿನ ಲೋಕದಲ್ಲಿ ಜಾಗ ಮಾಡಿಕೊಟ್ಟಿತು. ಮುಂದೆ ಹಿ.ಚಿ. ಬೋರಲಿಂಗಯ್ಯ ಸಂಪಾದಿಸಿದ ‘ಮಂಟೇಸ್ವಾಮಿ’ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರಬಂತು.

ಈ ಕಾವ್ಯಗಳ ಭಾಗಗಳಿಗೆ ‘ಸಾಲು’ ಎಂದು ಹೆಸರು. ಕಲ್ಯಾಣದ ಸಾಲು, ಸಂಕಮ್ಮನ ಸಾಲು, ಶ್ರವಣದೊರೆ ಸಾಲು, ಇಕ್ಕೇರಿ ದೇವಮ್ಮನ ಸಾಲು, ಜುಂಜೇಗೌಡನ ಸಾಲು. ಒಂದು ರಾತ್ರಿಗೆ ಒಂದೋ ಎರಡೋ ಸಾಲು. ಪ್ರತಿ ಸಾಲೂ ತನ್ನಷ್ಟಕ್ಕೆ ಒಂದು ಪೂರ್ಣ ಕಥೆ, ಆದರೂ ಎಲ್ಲ ಸಾಲುಗಳಿಗಿಂತ ದೊಡ್ಡದಾದ ಒಂದು ಲೋಕ ಹಿಂದೆ ನಿಂತಿರುತ್ತದೆ. ಸಂಕಮ್ಮನ ಸಾಲನ್ನಷ್ಟೇ ಕೇಳಿದವನಿಗೂ ಮಾದೇಶ್ವರ ಹುಲಿಯೇರಿ ಬರುವವನೆಂದು, ಮಾಯಕಾರನೆಂದು ಗೊತ್ತು. ಅದನ್ನು ಯಾರೂ ಹೊಸದಾಗಿ ವಿವರಿಸಬೇಕಾಗಿಲ್ಲ. ದೂರದರ್ಶನದ ಕಂತುಗಳ ಕಟ್ಟೋಣವೂ ಇದೇ.

ಹಲಗೂರಿನ ಪ್ರಸಂಗವನ್ನು ಹತ್ತಿರದಿಂದ ನೋಡಬೇಕು. ಮಂಟೇಸ್ವಾಮಿ ತನ್ನ ಶಿಷ್ಯ ಸಿದ್ದಪ್ಪಾಜಿಯನ್ನು ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾನೆ. ಕುಲುಮೆ, ತಿದಿ, ಇಕ್ಕಳ, ಸುತ್ತಿಗೆಗಳ ಒಡೆಯರಾದ ಪಾಂಚಾಳರು ಕೊಡಲೊಪ್ಪದೆ ಅವನನ್ನು ಪರೀಕ್ಷೆಗೆ ಒಡ್ಡುತ್ತಾರೆ, ವಿಷವನ್ನೂ ಇಕ್ಕುತ್ತಾರೆ. ಇದನ್ನು ಪವಾಡದ ಕಥೆಯೆಂದಷ್ಟೇ ಓದಿದರೆ ಅರ್ಧ ಓದಿದಂತೆ. ಕಬ್ಬಿಣ ಯಾರ ಕೈಲಿದೆ, ಆ ವಿದ್ಯೆ ಯಾರ ಸ್ವತ್ತು, ಇಲ್ಲದವನು ಕೇಳಿದರೆ ಇರುವವನು ಏನು ಮಾಡುತ್ತಾನೆ ಎಂಬ ಪ್ರಶ್ನೆಗಳು ಅದರ ಒಳಗಿವೆ. ತಂತ್ರವಿದ್ಯೆಯ ಒಡೆತನ ವಿಜ್ಞಾನ ಕಥೆಗಳ ಬಹು ಮುಖ್ಯ ವಸ್ತು. ಈ ಸೀಮೆಯ ಕೇಳುಗರು ದೂರದರ್ಶನ ಬರುವ ಎಷ್ಟೋ ಮೊದಲು ಅದನ್ನು ಹಾಡಾಗಿ ಕೇಳಿದ್ದರು.

ಹಾಸನದ ಮೇಲ್ವಿಚಾರಣೆಯಲ್ಲಿ ಬಂದ ನೌಕೆ

ಅಮೆರಿಕದ ಎನ್‌ಬಿಸಿಯಲ್ಲಿ 1966ರ ಸೆಪ್ಟೆಂಬರ್ 8ರಂದು ಆರಂಭವಾದ ‘ಸ್ಟಾರ್ ಟ್ರೆಕ್’ ಮೂರು ಸೀಸನ್, 79 ಕಂತುಗಳ ಧಾರಾವಾಹಿ. ಎರಡನೆಯ ಸೀಸನ್ನಿಗೇ ನಿಂತುಹೋಗುತ್ತದೆಂಬ ಸುದ್ದಿ ಹಬ್ಬಿದಾಗ ಬಿಜೋ ಮತ್ತು ಜಾನ್ ಟ್ರಿಂಬಲ್ ದಂಪತಿ ಅಭಿಮಾನಿಗಳಿಂದ ರಾಶಿ ರಾಶಿ ಪತ್ರ ಬರೆಸಿದರು. ವಾಹಿನಿ 1968ರಲ್ಲಿ ಮೂರನೆಯ ಸೀಸನ್ನಿಗೆ ಒಪ್ಪಿತು. 1972ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಅಭಿಮಾನಿಗಳ ಸಮಾವೇಶ ನೆರೆಯಿತು. 1976ರಲ್ಲಿ ಅಭಿಮಾನಿಗಳ ಪತ್ರಗಳಿಗೆ ಮಣಿದು ಅಮೆರಿಕದ ಮೊದಲ ಬಾಹ್ಯಾಕಾಶ ಷಟಲ್ಲಿಗೆ ಕಥೆಯ ನೌಕೆಯ ಹೆಸರನ್ನೇ, ‘ಎಂಟರ್‌ಪ್ರೈಸ್’ ಎಂದು ಇಡಲಾಯಿತು. ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ ಹೆಚ್ಚಾಗಿ ಜನವರಿಯ ಹುಣ್ಣಿಮೆಗೆ ಶುರುವಾಗುವ ಸಿದ್ದಪ್ಪಾಜಿ ಜಾತ್ರೆಯನ್ನು ಕಂಡವರಿಗೆ ಇಂಥ ಸಮಾವೇಶ ಹೊಸದೆನಿಸಲಾರದು. ಭಕ್ತಿಗೂ ಅಭಿಮಾನಕ್ಕೂ ಇರುವ ಅಂತರ ಅಂತರವೇ. ಆದರೂ ಒಂದೇ ಕಥೆಯನ್ನು ಬಲ್ಲವರು ಒಂದೆಡೆ ಕೂಡಬೇಕೆಂಬ ತುಡಿತ ಎರಡರಲ್ಲೂ ಸಮ.

ಆ ನೌಕೆ ಕನ್ನಡ ನಾಡಿಗೆ ಬಂದ ದಾರಿಯನ್ನು ಹಾಕಿಕೊಟ್ಟವರಲ್ಲಿ ಒಬ್ಬ ವಿಜ್ಞಾನ ಕಥೆಗಾರರೂ ಇದ್ದಾರೆ. ಭೂಮಿಯ ಜೊತೆಗೇ ತಿರುಗುವ ಕಕ್ಷೆಯಲ್ಲಿ ಉಪಗ್ರಹಗಳನ್ನಿಟ್ಟು ಇಡೀ ಜಗತ್ತಿಗೆ ಪ್ರಸಾರ ಮಾಡಬಹುದೆಂದು 1945ರಲ್ಲಿ ಬರೆದವರು ಆರ್ಥರ್ ಸಿ. ಕ್ಲಾರ್ಕ್. ಮೂವತ್ತು ವರ್ಷದ ಬಳಿಕ, 1975ರ ಆಗಸ್ಟ್‌ನಿಂದ ಒಂದು ವರ್ಷ ಭಾರತ ನಡೆಸಿದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಉಪಗ್ರಹದಿಂದ ನೇರವಾಗಿ ಟಿವಿ ನೋಡಿದವು. ಕರ್ನಾಟಕದಿಂದ ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಸೇರಿದ್ದವು. ಆಗ ಇಸ್ರೊ ಎಂಜಿನಿಯರುಗಳು ಕೊಲಂಬೊದ ಕ್ಲಾರ್ಕ್ ಮನೆಯಲ್ಲೂ ಒಂದು ಆಂಟೆನಾ ನಿಲ್ಲಿಸಿಕೊಟ್ಟರು. ಕಥೆಗಾರರು ತಾವು ಕಂಡ ಕನಸನ್ನು ತಮ್ಮ ಮನೆಯಲ್ಲೇ ಕುಳಿತು ನೋಡಿದರು.

ಗುಂಡ್ಲುಪೇಟೆ ಕಡೆಯವರು ಕಾಯಬೇಕಾಯಿತು. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. 1983ರ ಆಗಸ್ಟ್ ಕೊನೆಗೆ ಇನ್ಸಾಟ್-1ಬಿ ಮೇಲೇರಿತು. ಅದನ್ನು ಕಕ್ಷೆಯಲ್ಲಿ ಸಂಭಾಳಿಸಿದ್ದು ಹಾಸನದ ಮುಖ್ಯ ನಿಯಂತ್ರಣ ಕೇಂದ್ರ. ಊರೂರಿಗೆ ಕಡಿಮೆ ಶಕ್ತಿಯ ಪ್ರಸಾರ ಗೋಪುರಗಳು ಎದ್ದವು. 1980ರ ದಶಕದ ಮಧ್ಯದಲ್ಲಿ ಭಾನುವಾರ ಬೆಳಗ್ಗೆ ದೂರದರ್ಶನ ‘ಸ್ಟಾರ್ ಟ್ರೆಕ್’ ತೋರಿಸಿತು. 1987ರ ಜನವರಿಯಲ್ಲಿ ‘ರಾಮಾಯಣ’ ಬಂದು ಭಾನುವಾರದ ಬೆಳಗನ್ನು ತನ್ನದಾಗಿಸಿಕೊಳ್ಳುವ ಮೊದಲಿನ ಮಾತಿದು.

ಆ ದಿನಗಳನ್ನು ಬಲ್ಲವರಿಗೆ ಚಿತ್ರ ಕಣ್ಣಿಗೆ ಕಟ್ಟಿದಂತಿದೆ. ಶಟರ್ ಬಾಗಿಲಿನ ಕಪ್ಪು-ಬಿಳುಪು ಟಿವಿ. ಹೆಂಚಿನ ಮೇಲೆ ಉದ್ದನೆಯ ಕೊಳವೆಗೆ ಕಟ್ಟಿದ ಅಲ್ಯೂಮಿನಿಯಂ ಆಂಟೆನಾ. ಒಬ್ಬ ಮೇಲೆ ಹತ್ತಿ ತಿರುಗಿಸುವವನು, ಒಬ್ಬ ಬಾಗಿಲಲ್ಲಿ ನಿಂತು ಕೂಗುವವನು. “ಬಂತಾ?” “ಇನ್ನೂ ಇಲ್ಲ, ಇನ್ನೊಸಿ ತಿರ್ಗುಸು.” “ಈಗ?” “ಬಂತು ಬಂತು, ಅಲ್ಲೇ ಬುಡು!” ದಕ್ಷಿಣಕ್ಕೆ ನೀಲಗಿರಿ, ನಡುವೆ ಗೋಪಾಲಸ್ವಾಮಿ ಬೆಟ್ಟ. ಗಾಳಿ ಬೀಸಿದರೆ ಪರದೆಯ ತುಂಬ ಚುಕ್ಕೆ. ಆ ಚುಕ್ಕೆಗಳ ನಡುವೆಯೇ ಅಂತರಿಕ್ಷವನ್ನೂ ಅದರ ನಕ್ಷತ್ರಗಳನ್ನೂ ನೋಡಬೇಕಿತ್ತು.

ಒಂದು ಕಂತು ಈ ನೆಲದವರಿಗೆ ಎಷ್ಟು ಹತ್ತಿರವಾಗಬಲ್ಲದೆಂಬುದಕ್ಕೆ ‘ದಿ ಟ್ರಬಲ್ ವಿತ್ ಟ್ರಿಬಲ್ಸ್’ ಉದಾಹರಣೆ. 1967ರ ಡಿಸೆಂಬರ್ 29ರಂದು ಅಮೆರಿಕದಲ್ಲಿ ಪ್ರಸಾರವಾದ ಇದನ್ನು ಬರೆದ ಡೇವಿಡ್ ಜೆರಾಲ್ಡ್, ಧಾರಾವಾಹಿಯನ್ನು ಮೆಚ್ಚಿ ಬರವಣಿಗೆಗಿಳಿದ ಯುವಕ. ದೂರದ ಗ್ರಹಕ್ಕೆ ಬಿತ್ತನೆಗೆಂದು ಕೂಡಿಟ್ಟ ಧಾನ್ಯದ ಕಣಜ ಇದರ ಕೇಂದ್ರ. ಮುದ್ದಾದ, ತುಪ್ಪಳದ ಸಣ್ಣ ಪ್ರಾಣಿಗಳು ನೌಕೆಗೆ ಬರುತ್ತವೆ. ತಿಂದಷ್ಟೂ ಮರಿ ಹಾಕುತ್ತವೆ. ಕೊನೆಗೆ ಕಣಜದ ಬಾಗಿಲು ತೆರೆದರೆ ಧಾನ್ಯವೆಲ್ಲ ಖಾಲಿಯಾಗಿ, ಒಳಗಿದ್ದ ಪ್ರಾಣಿಗಳೇ ನಾಯಕನ ತಲೆಯ ಮೇಲೆ ರಾಶಿಯಾಗಿ ಸುರಿಯುತ್ತವೆ. ಅವುಗಳಲ್ಲಿ ಬಹಳಷ್ಟು ಸತ್ತಿರುತ್ತವೆ. ಧಾನ್ಯಕ್ಕೆ ವಿಷ ಬೆರೆಸಲಾಗಿತ್ತೆಂಬ ಗುಟ್ಟು ಹಾಗೆ ಬಯಲಾಗುತ್ತದೆ. ಕಣಜಕ್ಕೆ ಇಲಿ ಬಿದ್ದರೆ ವರ್ಷದ ಅನ್ನ ಹೋಯಿತೆಂದು ಬಲ್ಲ ಮನೆಗಳಿಗೆ ಇದರ ಭಯ ಬಿಡಿಸಿ ಹೇಳಬೇಕಿಲ್ಲ. ಅಂದಕ್ಕೆಂದು ಹೊರದೇಶದಿಂದ ತಂದ ಲಂಟಾನ ಪಕ್ಕದ ಬಂಡೀಪುರದ ಕಾಡಿನ ನೆಲವನ್ನೆಲ್ಲ ಹಬ್ಬಿ, ಹುಲ್ಲು ಬೆಳೆಯದಂತೆ ಮಾಡಿರುವುದನ್ನು ನಿತ್ಯ ಕಾಣುವವರಿಗೂ ಅಷ್ಟೇ.

ನುಡಿ ಸಿಗದ ಅಭಿಮಾನ

ಇಷ್ಟು ಹತ್ತಿರದ ಕಥೆ ಬಂದದ್ದು ಇಂಗ್ಲಿಷಿನಲ್ಲಿ. ಮುಂದೆ ದೇಶದಲ್ಲೇ ತಯಾರಾದವು ಹಿಂದಿಯಲ್ಲಿ ಬಂದವು: ‘ಇಂದ್ರಧನುಷ್’ 1989ರಲ್ಲಿ, ‘ಕ್ಯಾಪ್ಟನ್ ವ್ಯೋಮ್’ 1998ರಲ್ಲಿ. ‘ಇಂದ್ರಧನುಷ್’ನಲ್ಲಿ ತಂದೆಯ ಪಾತ್ರ ಮಾಡಿದ ಗಿರೀಶ ಕಾರ್ನಾಡರೇ ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನ ಕಾರ್ಯಕ್ರಮವನ್ನೂ ನಡೆಸಿಕೊಟ್ಟರು. ಕನ್ನಡದ ಬಹು ದೊಡ್ಡ ನಾಟಕಕಾರರು ದೇಶಕ್ಕೆಲ್ಲ ವಿಜ್ಞಾನ ಹೇಳಿದರು, ಆದರೆ ಕನ್ನಡದಲ್ಲಲ್ಲ.

ಡಬ್ಬಿಂಗ್ ಯಾಕಿರಲಿಲ್ಲ ಎಂಬುದಕ್ಕೆ ಒಂದು ಚರಿತ್ರೆ ಇದೆ. 1960ರ ದಶಕದಲ್ಲಿ ಅ.ನ. ಕೃಷ್ಣರಾಯರಂಥವರು ಮುಂದೆ ನಿಂತು ನಡೆಸಿದ ಚಳವಳಿಯಿಂದ ಕನ್ನಡಕ್ಕೆ ಡಬ್ಬಿಂಗ್ ಬಂದ್ ಆಯಿತು. ಆಗಿನ್ನೂ ಎಳೆಯದಾಗಿದ್ದ ಕನ್ನಡ ಚಿತ್ರೋದ್ಯಮವನ್ನೂ ಅದರ ಕಲಾವಿದರು, ಕಾರ್ಮಿಕರನ್ನೂ ಉಳಿಸಿಕೊಳ್ಳುವ ಕಾಳಜಿ ಅದರ ಹಿಂದಿತ್ತು, ಆ ಕಾಲಕ್ಕೆ ಅದು ನ್ಯಾಯವೂ ಆಗಿತ್ತು. ಕಾನೂನಲ್ಲದ ಆ ಕಟ್ಟಳೆ ಕಿರುತೆರೆಗೂ ಇಳಿಯಿತು. 2012ರಲ್ಲಿ ‘ಸತ್ಯಮೇವ ಜಯತೇ’ಯ ಕನ್ನಡ ಅವತರಣಿಕೆಯೂ ಟಿವಿಯಲ್ಲಿ ಬರಲಿಲ್ಲ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2015ರ ಜುಲೈನಲ್ಲಿ ಈ ತಡೆಗೆ ವಿರುದ್ಧವಾಗಿ ಆದೇಶ ಕೊಟ್ಟಿತು.

ಈ ಅರ್ಧ ಶತಮಾನದ ಬೆಲೆ ತೆತ್ತವರು ಯಾರು? ಇಂಗ್ಲಿಷ್ ಕಲಿತ ಪಟ್ಟಣದ ಹುಡುಗನಿಗೆ ಅಷ್ಟೇನೂ ನಷ್ಟವಾಗಲಿಲ್ಲ. ಕನ್ನಡ ಶಾಲೆಯಲ್ಲಿ ಓದುತ್ತಿದ್ದ ಹಳ್ಳಿಯ ಮಗು ಚಿತ್ರವನ್ನು ನೋಡಿ ಕಥೆಯನ್ನು ಊಹಿಸಬೇಕಾಯಿತು, ಇಲ್ಲವೇ ಪಕ್ಕದಲ್ಲಿ ಕುಳಿತ ಅಕ್ಕನನ್ನೋ ಅಣ್ಣನನ್ನೋ ಕೇಳಬೇಕಾಯಿತು. ನೀಲಗಾರರ ಮೇಳದಲ್ಲಿ ಮುಂದಾಳು ಹೇಳಿದ್ದನ್ನು ಹಿಮ್ಮೇಳ ಎತ್ತಿಕೊಂಡು ದಾಟಿಸುವಂತೆ, ಇಲ್ಲಿ ಮನೆಯ ಹಿರಿಯ ಮಗು ಹಿಮ್ಮೇಳವಾಯಿತು. ಆ ಬಾಯಿಮಾತಿನ ಅನುವಾದಗಳು ದಾಖಲಾಗಿಲ್ಲ. ಕನ್ನಡದ ಮಟ್ಟಿಗೆ ವಿಜ್ಞಾನ ಧಾರಾವಾಹಿಯ ಮೊದಲ ಪಠ್ಯಗಳು ಅವೇ.

ಕನ್ನಡಕ್ಕೆ ಅಂಥ ಕಥೆ ಒಗ್ಗುವುದಿಲ್ಲ ಎನ್ನುವವರ ಮಾತು ನಿಲ್ಲುವುದಿಲ್ಲ. ರಾಜಶೇಖರ ಭೂಸನೂರಮಠ ಕನ್ನಡದಲ್ಲಿ ವಿಜ್ಞಾನ ಕಥೆಗೆ ಗಟ್ಟಿ ತಳಪಾಯ ಹಾಕಿದರು. ಯಂತ್ರಮಾನವನ ಕಥೆಯಾದ ಉಪೇಂದ್ರರ ‘ಹಾಲಿವುಡ್’ 2002ರಲ್ಲೇ ಬಂತು, ಕಾಲಯಾನದ ‘ಬ್ಲಿಂಕ್’ 2024ರಲ್ಲಿ ಬಂತು. ನೆರೆಯ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ 1984ರಲ್ಲಿ, ಟಿವಿ ಗೋಪುರಗಳು ಏಳುತ್ತಿದ್ದ ಅದೇ ವರ್ಷಗಳಲ್ಲಿ, ‘ಕುಸುಮಬಾಲೆ’ ಬರೆದರು. ಅಲ್ಲಿ ಮನೆಮನೆಯ ದೀಪದ ಜೋತಮ್ಮಗಳು ಕೂಡಿ ಮಾತಾಡುತ್ತವೆ. ಈ ಸೀಮೆಯ ಆಡುಮಾತಿಗೆ ಜೀವವಿಲ್ಲದ್ದನ್ನೂ ಕಣ್ಣಿಗೆ ಕಾಣದ್ದನ್ನೂ ಮಾತಾಡಿಸುವ ಕಸುವಿದೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಕೊರತೆ ಇದ್ದದ್ದು ಕಿರುತೆರೆಯಲ್ಲಿ. ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ 1998ರಲ್ಲಿ ಸಂಜೆಯ ಹೊತ್ತು ಮನೆಮಂದಿಯನ್ನೆಲ್ಲ ಹಿಡಿದು ಕೂರಿಸಿತು. ಅಷ್ಟು ತೂಕದ ಒಂದು ವಿಜ್ಞಾನ ಧಾರಾವಾಹಿ ಕನ್ನಡದಲ್ಲಿ ಬರಲಿಲ್ಲ.

ಈಗ ಆಗಬೇಕಾದ ಕೆಲಸ

2016 ಒಂದು ತಿರುವು. ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂತು, ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಚೆಂಡುಹೂವಿನ ಹೊಲದ ಬದುವಿನಲ್ಲಿ ಕುಳಿತವನ ಮೊಬೈಲಿಗೂ ‘ಸ್ಟ್ರೇಂಜರ್ ಥಿಂಗ್ಸ್’ ಸಿಗುವಂತಾಯಿತು. 2020ರ ಲಾಕ್‌ಡೌನಿನಲ್ಲಿ ಕನ್ನಡಕ್ಕೆ ಡಬ್ ಆದ ‘ಮಹಾಭಾರತ’ವನ್ನು ಜನ ಮನೆಮನೆಯಲ್ಲಿ ನೋಡಿದರು. 2022ರ ಡಿಸೆಂಬರಿನಲ್ಲಿ ‘ಅವತಾರ್’ ಎರಡನೆಯ ಭಾಗ ಕನ್ನಡದಲ್ಲೂ ತೆರೆಕಂಡಿತು. ದಾರಿ ತೆರೆದಿದೆ.

ಆದರೆ ಹಳೆಯದು ಕೈಬಿಟ್ಟು ಹೋಗುತ್ತಿದೆ. ಆಂಟೆನಾ ತಿರುಗಿಸಿ ‘ಸ್ಟಾರ್ ಟ್ರೆಕ್’ ನೋಡಿದ ಮಕ್ಕಳಿಗೆ ಈಗ ಐವತ್ತು ದಾಟಿದೆ. ಅವರು ಏನನ್ನು ಹೇಗೆ ಅರ್ಥ ಮಾಡಿಕೊಂಡರು, ತಮ್ಮ ತಂಗಿ-ತಮ್ಮಂದಿರಿಗೆ ಯಾವ ಮಾತಿನಲ್ಲಿ ಹೇಳಿದರು ಎಂಬುದನ್ನು ಬರೆದಿಡುವ ಕೆಲಸ ನಡೆಯಬೇಕು. ಜೀ.ಶಂ.ಪ., ಪಿ.ಕೆ. ರಾಜಶೇಖರ ಅವರ ಪೀಳಿಗೆ ಟೇಪ್ ರೆಕಾರ್ಡರ್ ಹೊತ್ತು ಊರೂರು ಸುತ್ತಿ ಸಾಲುಗಳನ್ನು ಉಳಿಸಿಕೊಟ್ಟಿತು. ಮೈಸೂರು, ಚಾಮರಾಜನಗರ, ಹಂಪಿಗಳ ಜಾನಪದ ಮತ್ತು ಮಾಧ್ಯಮ ವಿಭಾಗಗಳ ಸಂಶೋಧನಾ ವಿದ್ಯಾರ್ಥಿಗಳು ಅದೇ ಶ್ರದ್ಧೆಯಿಂದ ಈ ನೋಡುಗರ ಬಳಿಗೂ ಹೋಗಬೇಕು. ಕಂಪ್ಯೂಟರ್ ಮುಂದೆ ಕುಳಿತು ಆಗುವ ಕೆಲಸ ಇದಲ್ಲ. ಭೀಮನಬೀಡಿನಂಥ ಒಂದೊಂದು ಊರಿನ ಜಗಲಿಯ ಮೇಲೆ ಕುಳಿತು, ಭಾನುವಾರದ ಆ ಬೆಳಗುಗಳ ಬಗ್ಗೆ ಕೇಳಿ, ಹೇಳಿದ್ದನ್ನು ಅವರ ಮಾತಿನಲ್ಲೇ ದಾಖಲಿಸಿಕೊಳ್ಳಬೇಕು.