ನೀರಿಗಿಂತ ಮುಂಚೆ ಬರುವ ಮಾತು

ಹೊಳೆಗೆ ಮಹಾಪೂರ ಬರುವುದೆಂಬ ಎಚ್ಚರಿಕೆಯನ್ನು ನೀವು ರೇಡಿಯೋದಲ್ಲಿ ಕೇಳಿರಬಹುದು. ಆ ಸುದ್ದಿ ನಿಜವಾಗಿದ್ದರಷ್ಟೇ ಸಾಲದು. ನೀರಿಗಿಂತ ಮುಂಚೆ ಬರಬೇಕು. ತಡವಾಗಿ ಬಂದ ನಿಜದಿಂದ ಯಾರಿಗೇನು ಪ್ರಯೋಜನ?

ಹಿಂದೆ ನಮ್ಮ ಕೆರೆಗಳಿಗೆ ನೀರಗಂಟಿಯೆಂಬವನಿದ್ದನು. ತೂಬನ್ನು ಎತ್ತುವವನೂ ಅವನೆ, ಕೊನೆಯ ಗದ್ದೆಗೆ ನೀರು ಮುಟ್ಟಿತೆ ಎಂದು ನೋಡಿ ಬರುವವನೂ ಅವನೆ. ನೋಡುವ ಕಣ್ಣೂ ಎತ್ತುವ ಕೈಯೂ ಒಬ್ಬನವೇ ಆದುದರಿಂದ ನಡುವೆ ದೂತನು ಬೇಕಿರಲಿಲ್ಲ. ದೊಡ್ಡ ಹೊಳೆಗಳ ವಿಷಯ ಹಾಗಲ್ಲ. ನೋಡುವವನೊಂದು ಕಡೆ, ನಿರ್ಧರಿಸುವವನೊಂದು ಕಡೆ. 1958ರಲ್ಲಿ ದೆಹಲಿಯ ಯಮುನೆಗಾಗಿ ನಮ್ಮ ದೇಶದಲ್ಲಿ ಪ್ರವಾಹ ಮುನ್ಸೂಚನೆಯ ಕಾರ್ಯವು ಆರಂಭವಾಯಿತು. ದಂಡೆಯಲ್ಲಿ ನಿಂತವನು ಮಾಪಕಪಟ್ಟಿಯನ್ನು ಓದಿ ನಿಸ್ತಂತು ಯಂತ್ರದಲ್ಲಿ ಹೇಳುವುದು ಇಂಥ ಕಾರ್ಯದ ಬಹುಕಾಲದ ರೂಢಿ.

ಈಗ ನಮ್ಮ ಆಲಮಟ್ಟಿಗೆ ಬನ್ನಿ. 1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಇಲ್ಲಿ ಅಡಿಗಲ್ಲಿಟ್ಟರು. ಅಣೆಕಟ್ಟು ಪೂರ್ಣವಾದುದು 2005ರಲ್ಲಿ. 26 ಬಾಗಿಲುಗಳು, 519.6 ಮೀಟರ್ ಮಟ್ಟದಲ್ಲಿ ಸುಮಾರು 123 ಟಿ.ಎಂ.ಸಿ. ನೀರು. ಬಾಗಿಲನ್ನು ಬೇಗ ತೆರೆದರೆ ಬೇಸಗೆಯ ನೀರು ಹೋಯಿತು. ತಡಮಾಡಿದರೆ ಹಿನ್ನೀರು ಏರಿತು. ಒಮ್ಮೆಗೇ ಬಿಟ್ಟರೆ ಕೆಳಗಿನವರಿಗೆ ಕೇಡು. 2019ರ ಆಗಸ್ಟಿನಲ್ಲಿ ಇಲ್ಲಿಂದ 5 ಲಕ್ಷ ಕ್ಯೂಸೆಕ್ಸಿಗೂ ಮಿಕ್ಕಿ ನೀರು ಹೊರಬಿದ್ದಿತು. ಮೇಲಣ ಹೊಳೆಯ ಸುದ್ದಿ ಆಲಮಟ್ಟಿಗೂ, ಆಲಮಟ್ಟಿಯ ಸುದ್ದಿ ಕೆಳಗಣ ನಾರಾಯಣಪುರಕ್ಕೂ ಆಗಿಂದಾಗಲೇ ಮುಟ್ಟಬೇಕಾದುದು ಇದಕ್ಕಾಗಿಯೇ.

ನಾರಾಯಣಪುರದ ಎಡದಂಡೆ ಕಾಲುವೆಯದು ಇನ್ನೊಂದು ಕಥೆ. ಇದರ ವ್ಯಾಪ್ತಿ 4.5 ಲಕ್ಷ ಹೆಕ್ಟೇರು. ಮೇಲಿನವರು ಹೆಚ್ಚಾಗಿ ಹಾಯಿಸಿಕೊಂಡರೆ ಕೊನೆಯ ಹೊಲದವನಿಗೆ ಬರಿಯ ಕಾಲುವೆ. ಇದನ್ನು ನವೀಕರಿಸಿದಾಗ ಸಾವಿರಾರು ತೂಬುಗಳಿಗೆ ಯಂತ್ರದ ಬಾಗಿಲುಗಳನ್ನಿಟ್ಟರು. 2023ರ ಜನವರಿ 19ರಂದು ಕೊಡೇಕಲ್ಲಿನಲ್ಲಿ ಪ್ರಧಾನಮಂತ್ರಿಗಳಿಂದ ಇದರ ಉದ್ಘಾಟನೆಯಾಯಿತು. ಬಾಗಿಲೇ ನೀರನ್ನು ಅಳೆಯುತ್ತದೆ. ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುತ್ತದೆ. ಅಳತೆಯನ್ನು ರೇಡಿಯೋ ಅಲೆಯಲ್ಲಿ ನಿಯಂತ್ರಣ ಕೇಂದ್ರಕ್ಕೆ ಕಳುಹಿಸಿ, ಅಲ್ಲಿಂದ ಬಂದ ಆಜ್ಞೆಯಂತೆ ಏರಿಳಿಯುತ್ತದೆ. ಈ ಏರ್ಪಾಡಿಗೆ ಎಂಜಿನಿಯರುಗಳು 'ಸ್ಕಾಡಾ' ಎನ್ನುತ್ತಾರೆ. ಅಗಲಿದ್ದ ಕಣ್ಣೂ ಕೈಯೂ ಹೀಗೆ ಮತ್ತೆ ಕೂಡಿದವು.

ಆದರೂ ಒಂದು ಮಾತು. ಯಾವ ತೂಬಿನಲ್ಲಿ ಎಷ್ಟು ನೀರು ಹರಿಯಿತೆಂದು ಯಂತ್ರವು ಹೇಳೀತು. ಯಾರಿಗೆ ಎಷ್ಟು ಸಲ್ಲಬೇಕೆಂಬುದನ್ನು ಅದು ಹೇಳಲಾರದು. ಆ ನ್ಯಾಯವನ್ನು ಕೊನೆಯ ಹೊಲದವನು ಇಂದಿಗೂ ಮನುಷ್ಯರಿಂದಲೇ ಬಯಸುತ್ತಾನೆ.