ಶ್ರೋಣಿಯ ಅಪರೂಪದ ಸಿಸ್ಟ್‌ಗಳು: ಲಕ್ಷಣ, ಪತ್ತೆ ಮತ್ತು ಶಸ್ತ್ರಚಿಕಿತ್ಸೆಯ ಇತಿಹಾಸ

ಸೊಂಟದ ಎಲುಬುಗಳ ನಡುವಿನ ಕುಹರವೇ ಶ್ರೋಣಿ. ಮೂತ್ರಕೋಶ, ಗುದನಾಳ, ಹೆಂಗಸರಲ್ಲಿ ಗರ್ಭಕೋಶ ಮತ್ತು ಅಂಡಾಶಯಗಳು ಒತ್ತೊತ್ತಾಗಿರುವ ಜಾಗ ಇದು. ಇಲ್ಲಿ ಕಾಣುವ ದ್ರವದ ಚೀಲಗಳಲ್ಲಿ ಹೆಚ್ಚಿನವು ಅಂಡಾಶಯದವು. ಅವು ಅಪರೂಪವಲ್ಲ, ಎಷ್ಟೋ ಸಲ ತಾವಾಗಿಯೇ ಕರಗುತ್ತವೆ. ಅಪರೂಪದವುಗಳ ಮೂಲ ಬೇರೆ. ಭ್ರೂಣದ ಬಾಲದ ಕಡೆಯ ಕರುಳು ಪೂರ್ತಿ ಅಳಿಯದೆ ಉಳಿದರೆ ಗುದನಾಳದ ಹಿಂದೆ ಟೇಲ್‌ಗಟ್ ಸಿಸ್ಟ್ ಬೆಳೆಯುತ್ತದೆ. ಗಾರ್ಟ್‌ನರ್ 1822ರಲ್ಲಿ ವಿವರಿಸಿದ ನಾಳದ ಅವಶೇಷದಿಂದ ಯೋನಿಯ ಗೋಡೆಯಲ್ಲಿ ಇನ್ನೊಂದು ಬಗೆಯ ಸಿಸ್ಟ್ ಆಗುತ್ತದೆ. ತ್ರಿಕಾಸ್ಥಿಯ ನರಬೇರುಗಳ ಮೇಲಿನದು ಟಾರ್ಲೋವ್ 1938ರಲ್ಲಿ ಗುರುತಿಸಿದ್ದು. ನಾಯಿಯ ಲಾಡಿಹುಳದಿಂದ ಬರುವುದು ಹೈಡಾಟಿಡ್. ಹೊಟ್ಟೆಯೊಳಗಿನ ಅಂಟಿಕೆಗಳ ನಡುವೆ ದ್ರವ ಸಿಕ್ಕಿಕೊಂಡು ಆಗುವುದು ಪೆರಿಟೋನಿಯಲ್ ಸಿಸ್ಟ್.

ಮೂಲ ಇಷ್ಟು ಬಗೆಯಾದರೂ ದೂರು ಹೆಚ್ಚುಕಡಿಮೆ ಒಂದೇ: ಕಿಬ್ಬೊಟ್ಟೆಯ ಭಾರ, ಪದೇ ಪದೇ ಮೂತ್ರ, ಮಲಬದ್ಧತೆ, ಕೂತರೆ ನೋವು. ಹಲವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಐನಾಪುರದ ಕಡೆ ‘ಹೊಟ್ಟ್ಯಾಗ ಗಡ್ಡಿ ಆಗ್ಯಾದ’ ಅಂದರೆ ಇವುಗಳಲ್ಲಿ ಯಾವುದೂ ಇರಬಹುದು. ವೈದ್ಯರೂ ಬಹುಕಾಲ ಇದಕ್ಕಿಂತ ಹೆಚ್ಚೇನೂ ತಿಳಿಯಲಾರದೆ, ಹೊಟ್ಟೆ ಕೊಯ್ದ ಮೇಲೆಯೇ ಅದು ಏನೆಂದು ನೋಡುತ್ತಿದ್ದರು.

ಹಾಗೆ ಕೊಯ್ದು ಗೆದ್ದ ಮೊದಲ ಪ್ರಸಿದ್ಧ ಪ್ರಕರಣ 1809ರದು. ಅಮೆರಿಕದ ಕೆಂಟಕಿಯಲ್ಲಿ ಎಫ್ರೈಮ್ ಮ್ಯಾಕ್‌ಡೊವೆಲ್, ಅರಿವಳಿಕೆಯೇ ಇಲ್ಲದ ಕಾಲದಲ್ಲಿ, ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆಯ ಅಂಡಾಶಯದಿಂದ ಸುಮಾರು 10 ಕಿಲೋ ತೂಕದ ಗಡ್ಡೆ ತೆಗೆದ. ಬಸುರಿ ಎಂದೇ ಎಲ್ಲರೂ ನಂಬಿದ್ದ ಆಕೆ ಆಮೇಲೆ ಮೂರು ದಶಕ ಬದುಕಿದಳು. ವೈದ್ಯನ ಕೈಚಳಕವನ್ನು ಹೊಗಳುವವರು ಆಕೆಯ ಗುಂಡಿಗೆಯನ್ನು ಮರೆಯಬಾರದು.

ಅರಿವಳಿಕೆ ಬಂದ ಮೇಲೂ ಕ್ಲೋರೋಫಾರ್ಮ್‌ನಿಂದ ಸಾವುಗಳಾಗುತ್ತಿದ್ದವು. ಕಾರಣ ಹುಡುಕಲು 1888 ಮತ್ತು 1889ರಲ್ಲಿ ಆಯೋಗಗಳು ಕೂತದ್ದು, ಆಗ ಕಲಬುರಗಿ ಸೀಮೆಯನ್ನೂ ಆಳುತ್ತಿದ್ದ ನಿಜಾಮರ ಹೈದರಾಬಾದಿನಲ್ಲಿ. ಎಡ್ವರ್ಡ್ ಲಾರಿ ನೇತೃತ್ವದ ಆ ಪ್ರಯೋಗಗಳು ರೋಗಿಯ ಉಸಿರಾಟದ ಮೇಲೆ ಕಣ್ಣಿಡಬೇಕು ಎಂದವು, ಅಲ್ಲಿಗೆ ಸರಿ. ಹೃದಯಕ್ಕೆ ನೇರ ಅಪಾಯವಿಲ್ಲ ಎಂದದ್ದು ಮುಂದೆ ತಪ್ಪೆಂದು ತಿಳಿಯಿತು.

ಗುದನಾಳದ ಹಿಂದಿನ ಗಡ್ಡೆಗಳಿಗೆ ಹೊಟ್ಟೆಯ ಕಡೆಯಿಂದ ಕೈ ಎಟುಕುವುದು ಕಷ್ಟ. ಜರ್ಮನಿಯ ಪಾಲ್ ಕ್ರಾಸ್ಕೆ 1885ರಲ್ಲಿ ಗುದನಾಳದ ಕ್ಯಾನ್ಸರಿಗೆಂದು ಬಾಲಮೂಳೆ ತೆಗೆದು ಹಿಂದಿನಿಂದ ಒಳಹೊಕ್ಕ ದಾರಿಯೇ ಇವಕ್ಕೂ ಬಳಕೆಗೆ ಬಂತು. ಟೇಲ್‌ಗಟ್ ಸಿಸ್ಟಿನ ಸ್ಪಷ್ಟ ಚಿತ್ರ ಸಿಕ್ಕಿದ್ದು ಮಾತ್ರ 1988ರಲ್ಲಿ, ಹ್ಯರ್ಮ್‌ಸ್ಟಾಡ್ ಮತ್ತು ಹೆಲ್ವಿಗ್ 53 ಪ್ರಕರಣಗಳನ್ನು ಒಟ್ಟುಗೂಡಿಸಿದಾಗ. ರೋಗಿಗಳಲ್ಲಿ ಹೆಂಗಸರೇ ಹೆಚ್ಚು. ಸೋಂಕು ತಗುಲಿ ಕೀವಾದರೆ ಇದನ್ನು ಭಗಂದರವೆಂದು ತಿಳಿದು ಮತ್ತೆ ಮತ್ತೆ ಕೊಯ್ಯುವುದುಂಟು. ಕೆಲವೊಮ್ಮೆ ಕ್ಯಾನ್ಸರಿಗೂ ತಿರುಗುವುದರಿಂದ ಇಡಿಯಾಗಿ ತೆಗೆಯಬೇಕು.

ಕೊಯ್ಯುವ ಮೊದಲೇ ನೋಡುವ ಕಾಲ 1958ರಲ್ಲಿ ಶುರುವಾಯಿತು. ಗ್ಲಾಸ್ಗೋದ ಇಯಾನ್ ಡೊನಾಲ್ಡ್, ಹೊಟ್ಟೆಯ ಗಡ್ಡೆಗಳನ್ನು ಅಲ್ಟ್ರಾಸೌಂಡ್‌ನಿಂದ ಪರೀಕ್ಷಿಸಿದ ವರದಿಯನ್ನು ಆ ವರ್ಷ ಪ್ರಕಟಿಸಿದ. ಕೈಮೀರಿದ ಕ್ಯಾನ್ಸರ್ ಎಂದು ಬಿಟ್ಟಿದ್ದ ಒಬ್ಬಾಕೆಯಲ್ಲಿ ಯಂತ್ರ ತೋರಿಸಿದ್ದು ಅಂಡಾಶಯದ ದೊಡ್ಡ ಸಿಸ್ಟ್. ಅದನ್ನು ತೆಗೆದಾಗ ಆಕೆ ಉಳಿದಳು. ಎಂಆರ್‌ಐ ಬಂದಮೇಲೆ ಗಡ್ಡೆ ಯಾವ ಅಂಗಕ್ಕೆ ಸೇರಿದ್ದು ಎಂಬುದೂ ಹೆಚ್ಚು ನಿಖರವಾಯಿತು. ಟಾರ್ಲೋವ್ ಸಿಸ್ಟ್‌ಗಳು ಹೆಚ್ಚಾಗಿ ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲೇ ಕಾಣುತ್ತವೆ. ತೊಂದರೆ ಕೊಡದವನ್ನು ಸುಮ್ಮನೆ ಬಿಡುವುದೇ ವಾಸಿ. ಕುರಿ, ನಾಯಿಗಳ ಒಡನಾಟವಿದ್ದವರಲ್ಲಿ ಹೈಡಾಟಿಡ್ ಅನುಮಾನ ಇರಲೇಬೇಕು. ಶ್ರೋಣಿಯಲ್ಲಿ ಅದು ವಿರಳವೇ ಆದರೂ, ಸಾದಾ ಸಿಸ್ಟ್ ಎಂದು ಕೊಯ್ಯುವಾಗ ಒಡೆದರೆ ಅಲರ್ಜಿಯ ಆಘಾತದಿಂದ ಪ್ರಾಣಕ್ಕೇ ಕುತ್ತು. ಒಸರಿದ ದ್ರವದಿಂದ ಹೊಟ್ಟೆ ತುಂಬ ಹೊಸ ಸಿಸ್ಟ್‌ಗಳೂ ಆಗಬಹುದು. ಹೀಗಾಗಿ ಆಲ್ಬೆಂಡಜೋಲ್ ಕೊಟ್ಟು, ಸುತ್ತಲಿನ ಭಾಗವನ್ನು ಉಪ್ಪುನೀರಿನ ಬಟ್ಟೆಯಿಂದ ಕಾಪಾಡಿ ತೆಗೆಯುತ್ತಾರೆ.

ಯಂತ್ರಗಳು ಬಂದ ಮೇಲೂ ಕೊಯ್ಯುವ ಆತುರ ತಗ್ಗಲಿಲ್ಲ ಎಂಬುದಕ್ಕೆ ಕಲಬುರಗಿ ಜಿಲ್ಲೆಯೇ ಸಾಕ್ಷಿ. 1963ರಿಂದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಇರುವ ಜಿಲ್ಲೆ ಇದು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಲಂಬಾಣಿ ತಾಂಡಾಗಳ ಮತ್ತು ದಲಿತ ಕುಟುಂಬಗಳ ಹೆಂಗಸರ ಗರ್ಭಕೋಶವನ್ನು, ಕ್ಯಾನ್ಸರ್ ಆಗುತ್ತದೆಂದು ಹೆದರಿಸಿ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ತೆಗೆದ ಸಂಗತಿ 2015ರಲ್ಲಿ ಹೊರಬಿತ್ತು. 2017ರಲ್ಲಿ ಆ ಹೆಂಗಸರು ಕಲಬುರಗಿಯಲ್ಲಿ ಬೀದಿಗಿಳಿದು ಪ್ರತಿಭಟಿಸಿದರು. ಪೆರಿಟೋನಿಯಲ್ ಸಿಸ್ಟಿನ ಮಾತು ಇಲ್ಲಿ ಮತ್ತೆ ಬರುತ್ತದೆ. ಅಂಡಾಶಯ ಉಳಿಸಿ ಗರ್ಭಕೋಶ ತೆಗೆದಾಗ ಅಂಟಿಕೆಗಳು ಕಟ್ಟಿಕೊಂಡರೆ, ಅಂಡಾಶಯ ಸ್ರವಿಸುವ ದ್ರವ ಇಂಗಲು ದಾರಿಯಿಲ್ಲದೆ ಅವುಗಳ ನಡುವೆ ಚೀಲವಾಗುತ್ತದೆ. ಅದನ್ನು ಕೊಯ್ದು ತೆಗೆದರೂ ಹೊಸ ಅಂಟಿಕೆಗಳಿಂದ ಮರುಕಳಿಸುವುದು ಸಾಮಾನ್ಯ. ಆದ್ದರಿಂದ ಮೊದಲು ಹಾರ್ಮೋನ್ ಮಾತ್ರೆ ಕೊಟ್ಟೋ, ಸ್ಕ್ಯಾನ್ ನೋಡುತ್ತ ಸೂಜಿಯಿಂದ ದ್ರವ ಹೀರಿಯೋ ಕಾಯುತ್ತಾರೆ.